ಗಂಡನ ಫೈಲಿನಲ್ಲಿ ಹೆಂಡತಿಯ ಹೆಸರು: ನಿರಾಶ್ರಿತ ಮಹಿಳೆಗೆ ಸರ್ಕಾರದ ರಕ್ಷಣೆ ಸಿಗುತ್ತದಾ?

ಪ್ರಶ್ನೆ: ಮೇಡಂ, ನಾನು ಕೆಲಸದ ಮೇಲೆ ಹೊರದೇಶದಲ್ಲಿದ್ದೇನೆ. ವಾರಕ್ಕೆ ಎರಡು ಸಂಜೆ ನಿರಾಶ್ರಿತರ ವಸತಿ ಕೇಂದ್ರವೊಂದರಲ್ಲಿ ಹೆಂಗಸರಿಗೆ ಇಲ್ಲಿನ ಭಾಷೆ ಹೇಳಿಕೊಡುತ್ತೇನೆ. ತರಗತಿಗೆ ಬರುವ ಒಬ್ಬರು ಗಂಡ ಮತ್ತು ಇಬ್ಬರು ಮಕ್ಕಳ ಜೊತೆ ಬಂದವರು. ಆಶ್ರಯದ ಅರ್ಜಿ ಗಂಡನ ಹೆಸರಲ್ಲಿದೆ. ಇವರ ಹೆಸರು 'ಹೆಂಡತಿ' ಅಂತ ಕೆಳಗಿದೆ. ಕಳೆದ ತಿಂಗಳು ತೋಳಿನ ಮೇಲೆ ಬಾಸುಂಡೆ ಕಂಡು ಕೇಳಿದೆ. ಗಂಡ ಹೊಡೆಯುತ್ತಾರಂತೆ. ತಮ್ಮ ದೇಶದಲ್ಲಿದ್ದಾಗ ಗಂಡನ ಮನೆಯವರು ಕೊಲ್ಲುತ್ತೇವೆ ಅಂತಲೂ ಹೆದರಿಸಿದ್ದರಂತೆ. ಅದನ್ನು ಸಂದರ್ಶನದಲ್ಲಿ ಹೇಳಲಿಲ್ಲ, ಏಕೆಂದರೆ ಗಂಡ ಪಕ್ಕದಲ್ಲೇ ಕೂತಿದ್ದರು. 'ದೂರು ಕೊಟ್ಟರೆ ಇಡೀ ಸಂಸಾರವನ್ನು ವಾಪಸ್ ಕಳಿಸ್ತಾರೆ', 'ಹೆಂಗಸು ಅನ್ನೋದು ಆಶ್ರಯಕ್ಕೆ ಕಾರಣವೇ ಅಲ್ಲ' ಅಂತ ಕೇಂದ್ರದಲ್ಲಿ ಎಲ್ಲರೂ ಹೇಳುತ್ತಾರಂತೆ. ಇದು ನಿಜವೇ? ಸರ್ಕಾರಗಳು ನಿರಾಶ್ರಿತ ಮಹಿಳೆಯರಿಗೆ ಅಂತ ಏನಾದರೂ ಮಾಡುತ್ತವಾ, ಇಲ್ಲ ಎಲ್ಲ ಬರೀ ಕಾಗದದ ಮೇಲಾ? ನಾನು ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಸಣ್ಣ ಸಾಲು. ಅವರ ಹೆಸರು 'ಹೆಂಡತಿ' ಅಂತ ಕೆಳಗಿದೆ ಎಂದಿರಿ. ನಿಮ್ಮ ಉಳಿದ ಪ್ರಶ್ನೆಗಳ ಬೇರು ಅಲ್ಲೇ ಇದೆ. ಆಶ್ರಯದ ಅರ್ಜಿಗಳನ್ನು ನಡೆಸುವ ವಕೀಲೆಯಾಗಿ ನಾನು ಯಾವ ಹೆಂಗಸು ಬಂದರೂ ಮೊದಲು ನೋಡುವುದು ಇದನ್ನೇ: ಈಕೆಯ ಹೆಸರಲ್ಲಿ ಒಂದು ಫೈಲು ಇದೆಯಾ? ಇದ್ದರೆ ಸರ್ಕಾರದ ಎಷ್ಟೋ ಬಾಗಿಲು ತಟ್ಟಬಹುದು. ಇಲ್ಲದಿದ್ದರೆ ಎಂಥ ಒಳ್ಳೆಯ ಕಾನೂನೂ ಗಂಡನ ಹತ್ತಿರ ಬಂದು ನಿಂತುಬಿಡುತ್ತದೆ, ಆಕೆಯವರೆಗೆ ಬರುವುದಿಲ್ಲ.

ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಹಾಗಾಗಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರುವುದನ್ನು ಹೇಳುತ್ತೇನೆ. ಎಲ್ಲಿ ದೇಶದಿಂದ ದೇಶಕ್ಕೆ ಬದಲಾಗುತ್ತದೋ ಅಲ್ಲಿ ಎಚ್ಚರಿಸುತ್ತೇನೆ.

'ಹೆಂಗಸು ಅನ್ನೋದು ಕಾರಣವೇ ಅಲ್ಲ' ಎಂಬ ಮಾತನ್ನು ಮೊದಲು ತೆಗೆದುಕೊಳ್ಳೋಣ. ಇದರಲ್ಲಿ ಅರ್ಧ ಸತ್ಯ ಇದೆ. ಅದಕ್ಕೇ ಇದು ಬಾಯಿಂದ ಬಾಯಿಗೆ ಇಷ್ಟು ಗಟ್ಟಿಯಾಗಿ ಹರಡುತ್ತದೆ. 1951ರ ನಿರಾಶ್ರಿತರ ಒಪ್ಪಂದ ಐದು ಕಾರಣಗಳನ್ನು ಹೇಳುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ಹೆಣ್ಣು ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಸರ್ಕಾರಕ್ಕೆ ಎದುರು ನಿಂತು ಓಡಿಬಂದ ಗಂಡಸು. ಮನೆಯೊಳಗಿನ ಹೊಡೆತ ಆಗ ಮನೆಯ ವಿಷಯ, ಅಷ್ಟೇ.

ಆದರೆ ಕಾನೂನು ಅಲ್ಲೇ ನಿಂತಿಲ್ಲ. ನಾಲ್ಕನೇ ಕಾರಣ ಇದೆಯಲ್ಲ, ಸಾಮಾಜಿಕ ಗುಂಪು, ಆ ಬಾಗಿಲಿನಿಂದಲೇ ಹೆಂಗಸರು ಒಳಗೆ ಬಂದರು. ತಮ್ಮ ಸಮಾಜದ ಕಟ್ಟಳೆ ಮೀರಿದ್ದಕ್ಕೆ ಕ್ರೂರ ಶಿಕ್ಷೆ ಎದುರಿಸುವ ಹೆಂಗಸರನ್ನು ಇಂಥ ಗುಂಪು ಎಂದು ದೇಶಗಳು ಪರಿಗಣಿಸಬಹುದು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಾರ್ಯಕಾರಿ ಸಮಿತಿ 1985ರಲ್ಲಿ ಹೇಳಿತು. ಹೆಂಗಸರ ಅರ್ಜಿಗಳನ್ನು ಹೇಗೆ ನೋಡಬೇಕು ಎಂದು ತನ್ನ ಅಧಿಕಾರಿಗಳಿಗೆ ಮಾರ್ಗಸೂಚಿ ಬರೆದುಕೊಟ್ಟ ಮೊದಲ ದೇಶ ಕೆನಡಾ, 1993ರಲ್ಲಿ. ಅದೂ ಸುಮ್ನೆ ಬರಲಿಲ್ಲ. ಸೌದಿ ಅರೇಬಿಯಾದಿಂದ ಬಂದ ಒಬ್ಬ ಮಹಿಳೆಯ ಅರ್ಜಿ ತಳ್ಳಿಹಾಕಿದ್ದಕ್ಕೆ ಅಲ್ಲಿನ ಜನ ಸಿಟ್ಟಾಗಿದ್ದರು, ಕೊನೆಗೆ ಸರ್ಕಾರ ಆಕೆಯನ್ನು ಉಳಿಯಲು ಬಿಟ್ಟಿತು. ಆಮೇಲೆ ಅಮೆರಿಕ 1995ರಲ್ಲಿ, ಆಸ್ಟ್ರೇಲಿಯಾ 1996ರಲ್ಲಿ ಇಂಥ ಮಾರ್ಗಸೂಚಿ ತಂದವು. ದಕ್ಷಿಣ ಆಫ್ರಿಕಾ 1998ರ ತನ್ನ ಕಾಯ್ದೆಯಲ್ಲೇ ಸಾಮಾಜಿಕ ಗುಂಪಿನ ಅರ್ಥದೊಳಗೆ ಲಿಂಗವನ್ನು ಸೇರಿಸಿತು. ಹೆಂಗಸರನ್ನು ಕೀಳಾಗಿ ಕಾಣುವ ಪದ್ಧತಿಗೆ ತಲೆಬಾಗದ ಕಾರಣಕ್ಕೆ ಕಿರುಕುಳದ ಭಯ ಇದ್ದರೆ ಅದೂ ಆಶ್ರಯಕ್ಕೆ ಕಾರಣ ಎಂದು ಉಗಾಂಡಾ 2006ರ ಕಾಯ್ದೆಯಲ್ಲಿ ನೇರವಾಗಿ ಬರೆಯಿತು. ಶ್ರೀಮಂತ ದೇಶಗಳು ಮಾತ್ರ ಇದನ್ನು ಮಾಡುತ್ತವೆ ಅಂದುಕೊಂಡವರಿಗೆ ಈ ಎರಡು ಹೆಸರು ನಾನು ಯಾವಾಗಲೂ ಹೇಳುತ್ತೇನೆ.

ನಿಮ್ಮ ವಿದ್ಯಾರ್ಥಿನಿಯ ವಿಷಯಕ್ಕೆ ಅತಿ ಹತ್ತಿರದ ತೀರ್ಪು ಬ್ರಿಟನ್ನಿನದು, 1999ರದು. ಪಾಕಿಸ್ತಾನದ ಇಬ್ಬರು ಹೆಂಗಸರು. ಗಂಡಂದಿರು ಮನೆಯಿಂದ ಹೊರಗೆ ಹಾಕಿದ್ದರು. ವಾಪಸ್ ಹೋದರೆ ವ್ಯಭಿಚಾರದ ಆರೋಪ ಹೊತ್ತು ನಿಲ್ಲಬೇಕಿತ್ತು. ಗಂಡ ಹೊಡೆದರೆ ಅದು ಕಿರುಕುಳ ಹೇಗಾಗುತ್ತದೆ, ಸರ್ಕಾರ ಹೊಡೆದಿಲ್ಲವಲ್ಲ ಎಂಬುದೇ ವಾದ. ಅಲ್ಲಿನ ಅತ್ಯುನ್ನತ ನ್ಯಾಯಪೀಠ ಎರಡನ್ನೂ ಕೂಡಿಸಿ ನೋಡಿತು. ಒಂದು, ಗಂಡನಿಂದ ಬರುವ ಹಾನಿ. ಇನ್ನೊಂದು, ಕಾಪಾಡು ಅಂತ ಹೋದರೆ ಹೆಂಗಸು ಎಂಬ ಕಾರಣಕ್ಕೇ ಬಾಗಿಲು ಮುಚ್ಚುವ ಸರ್ಕಾರ. ಎರಡೂ ಸೇರಿದರೆ ಕಿರುಕುಳ. ಹಾಗಾಗಿ ನಿಮ್ಮ ವಿದ್ಯಾರ್ಥಿನಿಯ ಕೇಸಿನಲ್ಲಿ 'ಗಂಡನ ಮನೆಯವರು ಬೆದರಿಸಿದರು' ಎಂಬುದರಷ್ಟೇ 'ಅಲ್ಲಿನ ಪೊಲೀಸರು ಏನು ಮಾಡಿದರು, ಏನು ಮಾಡುತ್ತಿದ್ದರು' ಎಂಬುದೂ ಮುಖ್ಯ. ಬಹಳ ಜನ ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೆಯುತ್ತಾರೆ. ಅಲ್ಲೇ ಅರ್ಜಿ ಬಿದ್ದುಹೋಗುತ್ತದೆ.

ಇತ್ತೀಚಿನದು ಇನ್ನೂ ಮುಂದೆ ಹೋಗಿದೆ. ಒಂದು ದೇಶದ ಹೆಂಗಸರೆಲ್ಲರನ್ನೂ ಒಂದು ಸಾಮಾಜಿಕ ಗುಂಪು ಎನ್ನಬಹುದು, ಮನೆಯೊಳಗಿನ ಹಿಂಸೆಯೂ ಇದರಲ್ಲಿ ಬರಬಹುದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2024ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದ ಹೆಂಗಸರ ಬಗ್ಗೆ ತೀರ್ಪು ಬಂತು. ಆಕೆ ಹೆಣ್ಣು, ಆಕೆ ಅಫ್ಘಾನಿ ಎಂಬ ಎರಡು ವಿಷಯ ಖಚಿತವಾದರೆ ಅಧಿಕಾರಿಗೆ ಸಾಕು, ನಿನಗೇ ಪ್ರತ್ಯೇಕವಾಗಿ ಏನಾಗುತ್ತದೆ ಎಂದು ಕೆದಕಬೇಕಿಲ್ಲ ಅಂತ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಅದಕ್ಕೂ ಮೊದಲೇ ಈ ದಾರಿ ಹಿಡಿದಿದ್ದವು.

ಎಲ್ಲ ಕಡೆ ಹೀಗೆ ಮುಂದಕ್ಕೇ ಹೋಗಿದೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಗಂಡನ ಹಿಂಸೆಯ ಕೇಸನ್ನು 2014ರಲ್ಲಿ ಒಪ್ಪಿದರು, 2018ರಲ್ಲಿ ಆ ತೀರ್ಪನ್ನು ಕಿತ್ತುಹಾಕಿದರು, 2021ರಲ್ಲಿ ಹಳೆಯದನ್ನೇ ವಾಪಸ್ ತಂದರು, 2025ರಲ್ಲಿ ಅದನ್ನೂ ಮತ್ತೆ ಕಿತ್ತುಹಾಕಿದರು. ಅಲ್ಲಿ ಸರ್ಕಾರ ಬದಲಾದರೆ ಬಾಗಿಲಿನ ಅಗಲವೂ ಬದಲಾಗುತ್ತದೆ. ಒಬ್ಬರಿಗೆ ಸಿಕ್ಕಿತು ಅಂತ ಇನ್ನೊಬ್ಬರು ನಂಬಿ ಕೂರುವಂತಿಲ್ಲ.

ಇನ್ನು 'ದೂರು ಕೊಟ್ಟರೆ ಇಡೀ ಸಂಸಾರವನ್ನು ವಾಪಸ್ ಕಳಿಸ್ತಾರೆ' ಎಂಬ ಮಾತು. ಹೆಂಗಸರ ಬಾಯಿ ಕಟ್ಟುವುದಕ್ಕೆ ಇದಕ್ಕಿಂತ ಬಲವಾದ ಹಗ್ಗ ನಾನು ನೋಡಿಲ್ಲ. ಎಷ್ಟೋ ಸಲ ಈ ಮಾತನ್ನು ಮೊದಲು ಹೇಳಿದವನು ಗಂಡನೇ ಆಗಿರುತ್ತಾನೆ. ಹೊಡೆತದ ದೂರು ನೋಡುವುದು ಪೊಲೀಸರು ಮತ್ತು ನ್ಯಾಯಾಲಯ. ಆಶ್ರಯದ ಅರ್ಜಿ ನೋಡುವುದು ಬೇರೆ ಕಚೇರಿ. ಹೊಡೆಸಿಕೊಂಡವಳು ದೂರು ಕೊಟ್ಟಳು ಎಂಬುದು ಆಕೆಯನ್ನು ಕಳಿಸಲು ಕಾರಣ ಆಗುವುದಿಲ್ಲ. ಪ್ರಾಣಕ್ಕೆ ಅಪಾಯ ಇರುವ ದೇಶಕ್ಕೆ ಯಾರನ್ನೂ ತಳ್ಳಬಾರದು ಎಂದು ಆ 1951ರ ಒಪ್ಪಂದದ 33ನೇ ವಿಧಿ ಹೇಳುತ್ತದೆ. ಯುರೋಪಿನ ದೇಶಗಳು 2011ರಲ್ಲಿ ಮಾಡಿಕೊಂಡ ಇಸ್ತಾಂಬುಲ್ ಒಪ್ಪಂದ ಹಿಂಸೆಗೆ ಸಿಕ್ಕ ಹೆಂಗಸರ ಹೆಸರೆತ್ತಿಯೇ ಇದನ್ನು ಮತ್ತೆ ಹೇಳಿತು.

ಆದರೆ ಈ ಸುಳ್ಳಿನೊಳಗೆ ಒಂದು ನಿಜವಾದ ಅಪಾಯ ಅಡಗಿದೆ, ಅದನ್ನು ಮುಚ್ಚಿಡಲಾರೆ. ಆಕೆಯ ಹಕ್ಕು ಗಂಡನ ಅರ್ಜಿಗೆ ಅಂಟಿಕೊಂಡಿದೆ. ಗಂಡನ ಅರ್ಜಿ ತಿರಸ್ಕಾರವಾದರೆ ಆಕೆಯದೂ ಹೋಗುತ್ತದೆ. ಆಕೆ ಬೇರೆಯಾದರೆ, ಹೆಂಡತಿ ಎಂಬ ನೆಲೆಯಲ್ಲಿ ಸಿಗುತ್ತಿದ್ದ ರಕ್ಷಣೆಯೂ ಕೆಲವು ದೇಶಗಳಲ್ಲಿ ಅಲುಗಾಡುತ್ತದೆ. ಗಂಡ ಗಂಭೀರ ಅಪರಾಧಿ ಎಂದು ಸಾಬೀತಾದರೆ ಅವನ ಅರ್ಜಿಗೆ ಪೆಟ್ಟು ಬೀಳಬಹುದು. ಇದಕ್ಕೆ ಪರಿಹಾರ ಬಾಯಿ ಮುಚ್ಚಿಕೊಂಡಿರುವುದು ಅಲ್ಲ. ದೂರಿಗೆ ಮೊದಲು, ಇಲ್ಲವೇ ದೂರಿನ ಜೊತೆಗೇ, ಆಕೆಯ ಹೆಸರಲ್ಲಿ ಬೇರೆ ಅರ್ಜಿ ಹಾಕಿಸುವುದು.

ಹಾಗೆ ಹಾಕಬಹುದಾ ಅಂತ ಕೇಳುತ್ತೀರಿ. ಬಹಳ ದೇಶಗಳಲ್ಲಿ ಹಾಕಬಹುದು. 2026ರ ಜೂನ್ 12ಕ್ಕೆ ಮೊದಲು ಹಾಕಿದ ಅರ್ಜಿಗಳಿಗೆ ಅನ್ವಯಿಸುವ ಯುರೋಪಿಯನ್ ಒಕ್ಕೂಟದ 2013ರ ನಿಯಮವನ್ನೇ ನೋಡಿ. ಒಬ್ಬರ ಅರ್ಜಿಯಲ್ಲಿ ಇನ್ನೊಬ್ಬ ವಯಸ್ಕರನ್ನು ಸೇರಿಸುವ ಮೊದಲು, ಅವರನ್ನು ಬೇರೆಯಾಗಿ ಕೂರಿಸಿ, ನೀವು ನಿಮ್ಮದೇ ಅರ್ಜಿ ಹಾಕಬಹುದು ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಸಂದರ್ಶನ ಸಾಮಾನ್ಯವಾಗಿ ಮನೆಯವರು ಇಲ್ಲದ ಕೋಣೆಯಲ್ಲಿ ನಡೆಯಬೇಕು. ಕೇಳಿದರೆ, ಸಾಧ್ಯವಿದ್ದಷ್ಟೂ ಹೆಂಗಸು ಅಧಿಕಾರಿ, ಹೆಂಗಸು ದುಭಾಷಿ ಕೊಡಬೇಕು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2001ರಲ್ಲಿ ನಿರಾಶ್ರಿತ ಮಹಿಳೆಯರಿಗೆ ಕೊಟ್ಟ ಐದು ಮಾತುಗಳಲ್ಲಿ ಒಂದು ಇದೇ: ಪ್ರತಿ ಹೆಂಗಸನ್ನೂ ಬೇರೆಯಾಗಿ ನೋಂದಾಯಿಸಿ, ಆಕೆಯ ಹೆಸರಲ್ಲೇ ಕಾಗದ ಕೊಡುವುದು. ನಿಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪ್ರಶ್ನೆ ಕೇಳಿದ್ದಾರೆ. ಅಂದರೆ ತಪ್ಪು ಆಕೆಯದಲ್ಲ, ಆ ಸಂದರ್ಶನದ್ದು. ವಕೀಲರು ಹಿಡಿಯಬೇಕಾದ ಮೊದಲ ಎಳೆ ಅದು.

ಮೊದಲ ಸಂದರ್ಶನದಲ್ಲಿ ಹೇಳದಿದ್ದರೆ ಮುಗಿಯಿತಾ? ಮುಗಿಯುವುದಿಲ್ಲ. ಒಂದು ಕೇಸು ಹೇಳುತ್ತೇನೆ, ಗುರುತು ಸಿಗುವ ವಿವರ ಬಿಟ್ಟು. ಆಕೆಯ ಮೊದಲ ಸಂದರ್ಶನದ ದುಭಾಷಿ ಆಕೆಯ ಸೀಮೆಯವನೇ. ನಿಮಗೆ ಏನಾಯಿತು ಎಂದು ಅಧಿಕಾರಿ ಕೇಳಿದರೆ, "ನನಗೇನೂ ಆಗಿಲ್ಲ, ನಮ್ಮವರಿಗೆ ಆದದ್ದನ್ನು ಅವರೇ ಹೇಳಿದ್ದಾರೆ" ಅಂದರು. ನನ್ನ ಹತ್ತಿರ ಬಂದಾಗಲೂ ಶಾಲಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಅಷ್ಟೇ. ನಾಲ್ಕನೇ ಭೇಟಿಯಲ್ಲಿ, ಹೆಂಗಸು ದುಭಾಷಿ ಇದ್ದಾಗ, ನಾನು ಪೆನ್ನು ಕೆಳಗಿಟ್ಟ ಮೇಲೆ ಬಾಯಿ ಬಿಟ್ಟರು. ದಾರಿಯ ತಪಾಸಣಾ ಗೇಟಿನಲ್ಲಿ ಕಾವಲಿನವರು ಆಕೆಯನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿದ್ದರು. ತಿಂಗಳು ತಪ್ಪು ಹೇಳಿದರು. ಆದರೆ ಆ ಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಡಗಿನ ಚಿತ್ರ ಇತ್ತು, ಅದರ ಒಂದು ಮೂಲೆ ಹರಿದಿತ್ತು ಎಂಬುದು ನೆನಪಿತ್ತು. ಅಧಿಕಾರಿ ಮೊದಲು 'ಹೇಳಿಕೆ ಹೊಂದುವುದಿಲ್ಲ' ಎಂದು ಬರೆದರು. ವೈದ್ಯರ ವರದಿ ಇಟ್ಟು ಮೇಲ್ಮನವಿ ಹಾಕಿದೆವು. ಅಲ್ಲಿ ಒಪ್ಪಿದರು. ನೋವು ತಿಂದವರ ನೆನಪು ಹೀಗೇ ಇರುತ್ತದೆ. ತಾರೀಖು ಜಾರುತ್ತದೆ, ಹರಿದ ಮೂಲೆ ಉಳಿಯುತ್ತದೆ.

ಹಾಗಂತ ತಡಮಾಡುವುದಕ್ಕೆ ಬೆಲೆ ಇಲ್ಲ ಅಂತ ಅಲ್ಲ. ತಡವಾದಷ್ಟೂ ಅನುಮಾನ ಜಾಸ್ತಿ. ಅಮೆರಿಕದಲ್ಲಿ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಮೀರಿದರೆ ವಿಶೇಷ ಕಾರಣ ತೋರಿಸಬೇಕು.

ಎಲ್ಲ ಬರೀ ಕಾಗದದ ಮೇಲಾ ಅಂತ ಕೇಳಿದ್ದೀರಿ. ಕೆಲವು ಖಂಡಿತ ಕಾಗದದ ಮೇಲಿಂದ ಕೆಳಗೆ ಇಳಿದಿವೆ. ಆಸ್ಟ್ರೇಲಿಯಾ 1989ರಿಂದ ಅಪಾಯದಲ್ಲಿರುವ ಹೆಂಗಸರಿಗೆ ಅಂತಲೇ ಒಂದು ವೀಸಾ ಇಟ್ಟಿದೆ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2015ರಲ್ಲಿ ಶುರುಮಾಡಿ ಇರಾಕಿನಿಂದ ಯಜೀದಿ ಎಂಬ ಅಲ್ಪಸಂಖ್ಯಾತ ಧರ್ಮದ ಸುಮಾರು 1,100 ಹೆಂಗಸರು ಮತ್ತು ಮಕ್ಕಳನ್ನು ತಾನೇ ಕರೆಸಿಕೊಂಡು ಮನೆ, ಚಿಕಿತ್ಸೆ ಕೊಟ್ಟಿತು. ಮುಂದೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ನಾದಿಯಾ ಮುರಾದ್ ಆ ಗುಂಪಿನಲ್ಲಿ ಬಂದವರು. ಉಕ್ರೇನಿನ ಯುದ್ಧ ಶುರುವಾದಾಗ ಗಂಡಸರು ದೇಶ ಬಿಡುವಂತಿರಲಿಲ್ಲ, ಗಡಿ ದಾಟಿದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. 2001ರಲ್ಲಿ ಬರೆದು ಒಮ್ಮೆಯೂ ಬಳಸದೆ ಇಟ್ಟಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 4ರಂದು ಜಾರಿಗೆ ತಂದಿತು. ಒಬ್ಬೊಬ್ಬರ ಕಥೆ ತೂಗದೆ, ವಾಸ, ಕೆಲಸ, ಶಾಲೆ, ಆಸ್ಪತ್ರೆಯ ಹಕ್ಕು ಒಟ್ಟಿಗೇ ಸಿಕ್ಕಿತು. ಮನಸ್ಸು ಮಾಡಿದರೆ ಸರ್ಕಾರಗಳಿಗೆ ಎಷ್ಟು ಬೇಗ ಆಗುತ್ತದೆ ನೋಡಿ. ಬೇರೆ ಯುದ್ಧಗಳಿಂದ ಬಂದ ಹೆಂಗಸರು ನನ್ನೆದುರು ಕೂತು, ನಮಗ್ಯಾಕೆ ಹೀಗೆ ಆಗಲಿಲ್ಲ ಎಂದು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಇಂಥ ವಿಶೇಷ ಯೋಜನೆಗಳನ್ನು ನಂಬಿ ಕೂರಬೇಡಿ ಅಂತಲೂ ಹೇಳಬೇಕು. ಮೂರನೇ ದೇಶಕ್ಕೆ ಕರೆದುಕೊಂಡು ಹೋಗಿ ನೆಲೆಗೊಳಿಸುವ ಭಾಗ್ಯ ಒಂದು ವರ್ಷದಲ್ಲಿ ನೂರು ನಿರಾಶ್ರಿತರಲ್ಲಿ ಒಬ್ಬರಿಗೂ ಪೂರ್ತಿ ಸಿಗುವುದಿಲ್ಲ. ಜಗತ್ತಿನ ನಿರಾಶ್ರಿತರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಪಕ್ಕದ ದೇಶದಲ್ಲೇ ಉಳಿಯುತ್ತಾರೆ. ಆ ದೇಶಗಳಲ್ಲಿ ಎಷ್ಟೋ ಬಡವು. ಜೋರ್ಡಾನ್, ಲೆಬನಾನ್, ಬಾಂಗ್ಲಾದೇಶ, ಪಾಕಿಸ್ತಾನದಂಥ ಕೆಲವು ಆ 1951ರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಆದರೂ ಲಕ್ಷಗಟ್ಟಲೆ ಜನರಿಗೆ ಜಾಗ ಕೊಟ್ಟಿವೆ. ಅಲ್ಲಿ ಹೆಂಗಸಿನ ರಕ್ಷಣೆ ಎಂದರೆ ಮೊದಲು ಸಣ್ಣ ಸಣ್ಣ ವಿಷಯಗಳು. ಕೀನ್ಯಾದ ದಾದಾಬ್ ಶಿಬಿರಗಳಲ್ಲಿ 1990ರ ದಶಕದಲ್ಲಿ ಸೌದೆಗೆ ಹೋದ ಹೆಂಗಸರ ಮೇಲೆ ಪೊದೆಗಳ ನಡುವೆ ಅತ್ಯಾಚಾರ ನಡೆಯುತ್ತಿತ್ತು. ಆಮೇಲೆ ಶಿಬಿರಕ್ಕೇ ಸೌದೆ ತರಿಸಿ ಹಂಚಿದರು. ಅದರಿಂದ ಎಲ್ಲ ಹಿಂಸೆಯೂ ನಿಲ್ಲಲಿಲ್ಲ, ಸೌದೆಯ ದಾರಿಯ ಹಿಂಸೆ ಕಡಿಮೆಯಾಯಿತು. 20 ಜನರಿಗೆ ಒಂದು ಶೌಚಾಲಯ, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು, ಒಳಗಿನಿಂದ ಚಿಲಕ, ದಾರಿಯಲ್ಲಿ ದೀಪ ಎಂದು ಶಿಬಿರ ನಡೆಸುವವರು ಅಳತೆ ಇಟ್ಟುಕೊಂಡಿದ್ದಾರೆ. ಚಿಲಕ ಅಂದರೆ ಏನು ದೊಡ್ಡ ವಿಷಯ ಅನಿಸಬಹುದು, ಅಲ್ವಾ? ರಾತ್ರಿ ಹೊರಗೆ ಹೋಗಬೇಕಾಗುತ್ತದೆ ಎಂದು ಮಧ್ಯಾಹ್ನದ ಮೇಲೆ ನೀರೇ ಕುಡಿಯದ ಹೆಂಗಸರನ್ನು ನಾನು ಮಾತಾಡಿಸಿದ್ದೇನೆ.

ಈಗ ನಿಮ್ಮ ವಿದ್ಯಾರ್ಥಿನಿಯ ಮುಂದಿರುವ ದಾರಿಗಳು. ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವವರು ಅವರೇ, ನೀವೂ ಅಲ್ಲ, ನಾನೂ ಅಲ್ಲ.

ನನ್ನ ಪ್ರಕಾರ ಮೊದಲನೆಯದು ಉಚಿತ ಕಾನೂನು ನೆರವಿನ ವಕೀಲರನ್ನು ಗಂಡನಿಗೆ ತಿಳಿಯದಂತೆ ಒಮ್ಮೆ ಕಾಣುವುದು. ಬೇರೆ ಅರ್ಜಿ, ಬೇರೆ ಸಂದರ್ಶನ ಕೇಳುವುದು ಅಲ್ಲಿಂದ ಶುರು. ಇದರ ಅಪಾಯ ಏನೆಂದರೆ, ಗಂಡನ ಹೇಳಿಕೆಗೂ ಆಕೆಯ ಹೇಳಿಕೆಗೂ ವ್ಯತ್ಯಾಸ ಬಂದರೆ ಎರಡನ್ನೂ ಅನುಮಾನಿಸುವ ಅಧಿಕಾರಿಗಳಿದ್ದಾರೆ. ಇನ್ನೊಂದು, ಎರಡು ಫೈಲುಗಳು ಒಂದೇ ವಿಳಾಸಕ್ಕೆ ಜೋಡಿಸಿಕೊಂಡಿದ್ದರೆ ಆಕೆಯ ಪತ್ರ ಗಂಡನ ಕೈಗೆ ಹೋಗುತ್ತದೆ. ಹೀಗೆ ಆದದ್ದನ್ನು ಕಂಡಿದ್ದೇನೆ. ಪತ್ರಗಳು ವಕೀಲರ ವಿಳಾಸಕ್ಕೆ ಬರಲಿ, ಫೈಲು ಬೇರೆ ಇರಲಿ ಎಂದು ಮೊದಲ ದಿನವೇ ಬರೆದು ಕೊಡಬೇಕು.

ಎರಡನೆಯದು, ಜಾಗ ಬದಲಿಸುವುದು. ಇನ್ನೊಂದು ಕೇಂದ್ರಕ್ಕೆ, ಇಲ್ಲವೇ ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಇರುವ ಸುರಕ್ಷಿತ ಮನೆಗೆ. ಪೊಲೀಸ್ ದೂರು ಇಲ್ಲದೆಯೂ ಕೆಲವು ಕಡೆ ಇದು ಆಗುತ್ತದೆ. ಮಕ್ಕಳ ಜನನ ಪತ್ರ, ನೋಂದಣಿ ಕಾರ್ಡು ಕೈಯಲ್ಲಿ ಇಲ್ಲದೆ ಹೊರಟರೆ ಮುಂದೆ ಬಹಳ ಕಷ್ಟ. ತಿಳಿಸದೆ ಮಕ್ಕಳನ್ನು ಕರೆದುಕೊಂಡು ಹೋದಳು ಎಂದು ಗಂಡನೇ ತಿರುಗಿ ದೂರು ಕೊಡುವುದೂ ಉಂಟು. ಹಾಗಾಗಿ ಹೊರಡುವ ಮೊದಲೇ ವಕೀಲರ ಮಾತು ಬೇಕು. ಹೊಡೆತ ಪ್ರಾಣಕ್ಕೆ ಬರುವಂತಿದ್ದರೆ ಮಾತ್ರ ಕಾಗದ, ವಕೀಲರು ಎಲ್ಲ ಆಮೇಲೆ. ಮೊದಲು ಹೊರಗೆ ಬರಲಿ.

ಪೊಲೀಸ್ ದೂರು ಮೂರನೆಯದು. ಗಂಡ ಹತ್ತಿರ ಬರಬಾರದು ಎಂಬ ಆದೇಶ ಸಿಗಬಹುದು, ಆಶ್ರಯದ ಅರ್ಜಿಗೂ ಅದು ದಾಖಲೆ ಆಗುತ್ತದೆ. ಆದರೆ ಸುದ್ದಿ ಬೇಗ ಹರಡುತ್ತದೆ. ಅವರ ದೇಶದಲ್ಲಿರುವ ಅಪ್ಪ ಅಮ್ಮನ ಮೇಲೆ ಗಂಡನ ಕಡೆಯವರು ಒತ್ತಡ ಹಾಕಬಹುದು. ನಿರಾಶ್ರಿತರ ಕಾನೂನೇ ಇಲ್ಲದ ದೇಶವಾದರೆ ಠಾಣೆಯಲ್ಲಿ ಗಾಯಕ್ಕಿಂತ ಮೊದಲು ವೀಸಾ ಕೇಳುತ್ತಾರೆ. ಅಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಾರ್ಡು ಹಿಡಿದು, ಜೊತೆಗೆ ಯಾರನ್ನಾದರೂ ಕರೆದುಕೊಂಡೇ ಹೋಗಬೇಕು.

ಸದ್ಯಕ್ಕೆ ಏನೂ ಮಾಡದಿರುವುದೂ ಒಂದು ದಾರಿಯೇ. ಅದನ್ನು ಆರಿಸಿಕೊಂಡರೆ ಬೈಯಬೇಡಿ. ಆಗಲೂ ಒಂದು ಕೆಲಸ ಆಗಲಿ. ಬಾಸುಂಡೆಯನ್ನು ಕೇಂದ್ರದ ವೈದ್ಯರಿಗೆ ತೋರಿಸಿ, ಕಾರಣ ಸಹಿತ ಬರೆಸಿಡಲಿ. ಮುಂದೆ ಯಾವ ದಾರಿ ಹಿಡಿದರೂ ಆ ಚೀಟಿ ಬೇಕಾಗುತ್ತದೆ. ಲೈಂಗಿಕ ಹಿಂಸೆ ಆಗಿದ್ದರೆ ಗಂಟೆಗಳ ಲೆಕ್ಕ ಇದೆ: ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ತಡೆಯುವ ತುರ್ತು ಮಾತ್ರೆ 120 ಗಂಟೆಯೊಳಗೆ. ಇದು ತರಗತಿಯ ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ನೀವು ಏನು ಮಾಡಬಾರದು ಅಂತಲೂ ಹೇಳಿಬಿಡುತ್ತೇನೆ. ಅವರ ಕಥೆಯನ್ನು ನೀವು ಬರೆದಿಟ್ಟುಕೊಳ್ಳಬೇಡಿ. ನಿಮ್ಮ ಬರಹಕ್ಕೂ ಅವರ ಹೇಳಿಕೆಗೂ ಒಂದು ತಿಂಗಳು ಹೆಚ್ಚುಕಡಿಮೆ ಆದರೂ ಅದು ಅವರಿಗೇ ತಿರುಗುತ್ತದೆ. ವಾಟ್ಸಾಪಿನಲ್ಲಿ ಈ ವಿಷಯ ಒಂದು ಅಕ್ಷರವೂ ಬೇಡ, ಫೋನು ಗಂಡನ ಕೈಯಲ್ಲೂ ಇರುತ್ತದೆ. ದುಭಾಷಿಯಾಗಿ ಕೂರಬೇಡಿ. ಗಂಡನ ಹತ್ತಿರ ಹೋಗಿ ಬುದ್ಧಿ ಹೇಳಲೇಬೇಡಿ.

ಮಾಡಬಹುದಾದದ್ದು ನಿಮ್ಮ ಕೈಯಲ್ಲೇ ಇದೆ, ನೀವು ಭಾಷೆ ಕಲಿಸುವವರು. ಮುಂದಿನ ವಾರ 'ಕಚೇರಿಯಲ್ಲಿ ಮಾತಾಡುವುದು' ಅಂತ ಒಂದು ಪಾಠ ಮಾಡಿ. ಇಡೀ ತರಗತಿಗೆ ಮಾಡಿ, ಅವರೊಬ್ಬರಿಗೆ ಅಲ್ಲ, ಆಗ ಯಾರ ಮೇಲೂ ಕಣ್ಣು ಬೀಳುವುದಿಲ್ಲ. ನಾಲ್ಕು ವಾಕ್ಯ ಸಾಕು. "ನನಗೆ ಬೇರೆಯಾಗಿ ಮಾತಾಡಬೇಕು." "ಹೆಂಗಸು ದುಭಾಷಿ ಬೇಕು." "ನನ್ನ ಹೆಸರಲ್ಲಿ ಅರ್ಜಿ ಹಾಕಬೇಕು." "ಮೊದಲು ವಕೀಲರ ಹತ್ತಿರ ಮಾತಾಡಬೇಕು." ಬೋರ್ಡಿನ ಮೇಲೆ ಬರೆಯಿರಿ, ಎಲ್ಲರೂ ಗಟ್ಟಿಯಾಗಿ ಹೇಳಲಿ, ಒಬ್ಬರು ಅಧಿಕಾರಿಯಾಗಿ ಒಬ್ಬರು ಅರ್ಜಿದಾರರಾಗಿ ಆಡಿ ನೋಡಲಿ. ಕಾನೂನು ನೆರವಿನ ನಂಬರನ್ನು ಬಸ್ಸು, ಆಸ್ಪತ್ರೆ, ಶಾಲೆಯ ನಂಬರುಗಳ ನಡುವೆ ಸೇರಿಸಿ ಎಲ್ಲರ ಪುಸ್ತಕದಲ್ಲೂ ಬರೆಸಿ. ಪಾಠ ಮುಗಿದ ಮೇಲೆ ಬೋರ್ಡು ಒರೆಸಲು ಮರೆಯಬೇಡಿ.